ನಗರದ ಕೂಟಗಳೂ ಬೆಂಗಳೂರಿನ ಕಚೇರಿಯೂ

ಚಾಮರಾಜಪೇಟೆಯ ಕಡೆಯಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯತ್ತ ಬರುವವರ ಕಣ್ಣಿಗೆ, ಬಸ್ಸು ಬಂಡಿಗಳ ನೂಕುನುಗ್ಗಲಿನ ನಡುವೆ ಹೇಗೋ ಉಳಿದುಕೊಂಡಿರುವ ಹಳೆಯ ಕಲ್ಲುಕೋಟೆಯ ಒಂದು ತುಣುಕು ಬೀಳುತ್ತದೆ. ಅದರ ಹತ್ತಿರದಲ್ಲಿಯೇ, 1791ನೆಯ ಇಸವಿ ಮಾರ್ಚ್ 21ರ ರಾತ್ರಿ ಬ್ರಿಟಿಷರ ಸೇನೆ ಕೋಟೆಯನ್ನು ಒಡೆದು ಒಳನುಗ್ಗಿದ ಸ್ಥಳ ಇದೆಂದು ಸಾರುವ ಶಿಲಾಫಲಕವೊಂದುಂಟು. ಅಂದು ಕಿಲ್ಲೇದಾರ ಬಹಾದುರ್ ಖಾನನು ಹೋರಾಡುತ್ತ ಮಡಿದನು. ಗೆದ್ದ ಸೇನೆಯ ನಾಯಕನು ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್. ಈ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಬೆಂಗಳೂರಿನ ಕೋಟೆಯನ್ನು ಹಿಡಿದ ಅದೇ ಕಾರ್ನ್‌ವಾಲಿಸ್ಸನು ಏಳು ವರ್ಷಗಳ ತರುವಾಯ ಐರ್ಲೆಂಡಿನ ರಾಜಪ್ರತಿನಿಧಿಯಾಗಿ ಡಬ್ಲಿನ್ನಿಗೆ ಹೋಗಿ, ಅಲ್ಲಿ ಎದ್ದ ದೊಡ್ಡದೊಂದು ಬಂಡಾಯವನ್ನು ಅಡಗಿಸಿ, ಆ ಬಂಡಾಯವನ್ನೇ ಸಾಧನವಾಗಿಸಿಕೊಂಡು ಆ ದೇಶದ ಪಾರ್ಲಿಮೆಂಟನ್ನೇ ಇಲ್ಲವಾಗಿಸಿದನೆಂಬುದನ್ನು ನಮ್ಮಲ್ಲಿ ನೆನೆಯುವವರು ವಿರಳ. ಅದಕ್ಕೆ ಮೂವತ್ತು ವರ್ಷಗಳಾದ ಮೇಲೆ ನಮ್ಮ ಮಲೆನಾಡಿನಲ್ಲಿ ಎದ್ದು ಸೋತುಹೋದ ರೈತರ ದಂಗೆಯೊಂದರ ಫಲವಾಗಿ ಮೈಸೂರು ರಾಜ್ಯವೂ ಅಂಥದೇ ಗತಿಯನ್ನು ಕಂಡಿತು. ಆ ಸೋಲಿನ ಫಲವಾಗಿಯೇ ಬೆಂಗಳೂರು ಆಡಳಿತದ ರಾಜಧಾನಿಯಾಯಿತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ನೆಮ್ಮದಿಯಾಗಿ ಬಾಳಿದ ನಾವು, ಈ ನೆಮ್ಮದಿಗೆ ಮೂಲವಾದ ಕಚೇರಿಯು ಯಾರ ಕಷ್ಟದಿಂದ ಇಲ್ಲಿಗೆ ಬಂದಿತೆಂಬುದನ್ನು ಅರಿತಿರಬೇಕೆಂಬುದೇ ಈ ಲೇಖನದ ಆಶಯ.

ಮೊದಲು ಐರ್ಲೆಂಡಿನ ಕಥೆ. ಬೆಂಗಳೂರಿನ ಕೋಟೆ ಬಿದ್ದ ವರ್ಷದ ಅಕ್ಟೋಬರಿನಲ್ಲಿಯೇ ಬೆಲ್‌ಫಾಸ್ಟ್ ನಗರದಲ್ಲಿ ಸಂಯುಕ್ತ ಐರಿಷ್ ಜನರ ಸಂಘವು ಹುಟ್ಟಿತು. ಕ್ಯಾಥಲಿಕ್, ಪ್ರಾಟೆಸ್ಟೆಂಟ್ ಎಂಬ ಭೇದವನ್ನು ಮರೆತು ಐರಿಷರೆಲ್ಲರೂ ಒಂದಾಗಿ ನಿಂತಲ್ಲದೆ ಇಂಗ್ಲೆಂಡಿನ ಹಿಡಿತದಿಂದ ಬಿಡುಗಡೆಯಿಲ್ಲವೆಂಬುದು ಅದರ ಮುಂದಾಳು ವೋಲ್ಫ್ ಟೋನನ ನಂಬಿಕೆಯಾಗಿತ್ತು. ಶ್ರೀರಂಗಪಟ್ಟಣದಲ್ಲಿ ಟೀಪು ಸುಲ್ತಾನನು ಯಾವ ಫ್ರೆಂಚರ ನೆರವನ್ನು ಹಾರೈಸಿ ಕುಳಿತಿದ್ದನೋ ಅದೇ ಫ್ರೆಂಚರ ಹಡಗುಗಳ ದಾರಿಯನ್ನು ಐರ್ಲೆಂಡಿನ ದೇಶಭಕ್ತರೂ ಕಾಯುತ್ತಿದ್ದರು. 1796ರಲ್ಲಿ ಬಂದ ನೌಕಾಪಡೆ ಬಿರುಗಾಳಿಗೆ ಸಿಕ್ಕಿ ಚದುರಿತು. 1798ರ ಮೇ ತಿಂಗಳಿನಲ್ಲಿ ದಂಗೆ ಹೊತ್ತಿಕೊಂಡಾಗ ಫ್ರಾನ್ಸಿನ ಸೈನ್ಯವಿರಲಿಲ್ಲ. ಜೂನ್ 21ರಂದು ವಿನೆಗರ್ ಹಿಲ್ ಎಂಬ ಗುಡ್ಡದ ಮೇಲೆ ವೆಕ್ಸ್‌ಫರ್ಡಿನ ರೈತರ ಪಡೆ ಮುರಿದುಬಿದ್ದಿತು. ಆಗಸ್ಟಿನಲ್ಲಿ ಜನರಲ್ ಅಂಬೇರನು ಸುಮಾರು 1,000 ಫ್ರೆಂಚ್ ಸೈನಿಕರೊಡನೆ ಇಳಿಯುವ ವೇಳೆಗೆ ಕಾಲ ಮಿಂಚಿಹೋಗಿತ್ತು. ಸೆರೆಸಿಕ್ಕ ಟೋನನು ಮರಣದಂಡನೆಗೆ ಮುನ್ನವೇ ತನ್ನ ಕತ್ತನ್ನು ತಾನೇ ಕೊಯ್ದುಕೊಂಡು, ನವೆಂಬರಿನಲ್ಲಿ ತೀರಿಕೊಂಡನು. ಆ ಬೇಸಗೆಯಲ್ಲಿ ಸತ್ತವರ ಸಂಖ್ಯೆಯನ್ನು 10,000ದಿಂದ 30,000ದ ವರೆಗೂ ಅಂದಾಜು ಮಾಡುತ್ತಾರೆ.

ಕಾರ್ನ್‌ವಾಲಿಸ್ಸನು ಕ್ರೂರಿಯಾಗಿರಲಿಲ್ಲವೆಂಬುದನ್ನು ಹೇಳಲೇಬೇಕು. ಅಲ್ಲಿನ ಜಮೀನ್ದಾರರ ರಕ್ತದಾಹವನ್ನು ಕಂಡು ಅವನು ಹೇಸಿದನು. ಶರಣಾದ ಸಾಮಾನ್ಯರಿಗೆ ಕ್ಷಮೆಯನ್ನು ಸಾರಿದನು. ಆದರೂ ಗಲಭೆಯನ್ನು ಅಡಗಿಸುವುದಕ್ಕಿಂತ ದೊಡ್ಡ ಕಾರ್ಯವೊಂದು ಅವನ ಪಾಲಿಗೆ ಬಂದಿತ್ತು: ಇಷ್ಟು ಗಲಭೆಗೆ ಎಡೆಗೊಟ್ಟ ದೇಶವು ತನ್ನನ್ನು ತಾನು ಆಳಿಕೊಳ್ಳಲಾರದೆಂಬ ವಾದವನ್ನು ಮುಂದಿಟ್ಟು, ಪದವಿ ಪರಿಹಾರಗಳ ಆಮಿಷದಿಂದ ಡಬ್ಲಿನ್ನಿನ ಪಾರ್ಲಿಮೆಂಟಿನ ಸದಸ್ಯರಿಂದಲೇ ಅದರ ವಿಸರ್ಜನೆಗೆ ಒಪ್ಪಿಗೆಯನ್ನು ಪಡೆಯುವುದು. 1801ರ ಜನವರಿ 1ರಂದು ಐರ್ಲೆಂಡು ಬ್ರಿಟನ್ನಿನಲ್ಲಿ ಲೀನವಾಯಿತು. ಕ್ಯಾಥಲಿಕರಿಗೆ ಆಸೆ ತೋರಿಸಿದ್ದ ರಾಜಕೀಯ ಹಕ್ಕುಗಳಿಗೆ ಅರಸನು ಅಡ್ಡಬರಲಾಗಿ ಕಾರ್ನ್‌ವಾಲಿಸ್ಸನು ಅಧಿಕಾರವನ್ನು ತ್ಯಜಿಸಿದನು. ಸ್ವಾತಂತ್ರ್ಯಕ್ಕಾಗಿ ಎದ್ದ ಜನ, ಇದ್ದ ಅಲ್ಪಸ್ವಲ್ಪ ಸ್ವಾಧಿಕಾರವನ್ನೂ ಕಳೆದುಕೊಂಡಂತಾಯಿತು.

ಅದೇ ಕಾಲಕ್ಕೆ ಇತ್ತ ಶ್ರೀರಂಗಪಟ್ಟಣ ಬಿದ್ದು, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಸಿಂಹಾಸನದಲ್ಲಿ ಕುಳ್ಳಿರಿಸಿ, 1799ರ ಒಡಂಬಡಿಕೆಯನ್ನು ಬರೆಯಿಸಿಕೊಂಡವನು ಲಾರ್ಡ್ ವೆಲ್ಲೆಸ್ಲಿ. ಅವನೂ ಐರ್ಲೆಂಡಿನಲ್ಲಿಯೇ ಹುಟ್ಟಿದವನು. ಆ ಒಡಂಬಡಿಕೆಯ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು, ಎಂದರೆ 24½ ಲಕ್ಷ ರೂಪಾಯಿಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಪೊಗದಿಯಾಗಿ ತೆರಬೇಕಾಗಿತ್ತು. ಅದು ನಿಂತುಹೋಗಬಹುದೆಂಬ ಭಯ ತೋರಿದರೂ ಸಾಕು, ಗವರ್ನರ್ ಜನರಲನು ರಾಜ್ಯದ ಆಡಳಿತಕ್ಕೆ ಕೈಹಾಕಬಹುದೆಂಬ ವಿಧಿಯೊಂದು ನಾಲ್ಕನೆಯ ಕಲಮಿನಲ್ಲಿ ಮಲಗಿದ್ದಿತು. ದಿವಾನ್ ಪೂರ್ಣಯ್ಯನವರು ಬಿಗಿಯಾಗಿ ಲೆಕ್ಕ ಹಿಡಿದು ಖಜಾನೆಯನ್ನು ತುಂಬಿಸಿ 1811ರಲ್ಲಿ ತರುಣ ಅರಸರಿಗೆ ರಾಜ್ಯವನ್ನು ಒಪ್ಪಿಸಿದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆ ಖಜಾನೆ ಬರಿದಾಯಿತು.

ಅದಕ್ಕೆ ಅರಸರ ಔದಾರ್ಯವೊಂದನ್ನೇ ಹೊಣೆಮಾಡುವುದು ನ್ಯಾಯವಲ್ಲ. ಅವರು ದಾನಿಗಳು, ವಿದ್ವಜ್ಜನಪೋಷಕರು, ಸ್ವತಃ ವಿದ್ಯಾರಸಿಕರು. ಕೈ ಹಿಡಿತವಿಲ್ಲದವರು ಎಂಬುದೂ ನಿಜ. ಆದರೆ ಪೊಗದಿಯ ಭಾರ ಅವರ ಮಾಡಿಕೆಯಲ್ಲ. ಆ ದಶಕಗಳಲ್ಲಿ ಧಾನ್ಯದ ಬೆಲೆ ಇಳಿದು, ನಗದು ಕಂದಾಯವನ್ನು ಕಟ್ಟಬೇಕಾದ ರೈತನು ಮೊದಲಿನಷ್ಟೇ ಹಣಕ್ಕೆ ಹೆಚ್ಚು ಬೆಳೆಯನ್ನು ಮಾರಬೇಕಾಗಿ ಬಂದುದೂ ಅವರ ಮಾಡಿಕೆಯಲ್ಲ. ಅವರ ಆಡಳಿತದಲ್ಲಿ ನಿಜವಾಗಿ ವಿಷವಾದದ್ದು ಶರತ್ತಿನ ಪದ್ಧತಿ. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ತಂದೊಪ್ಪಿಸುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ, ಕಡಮೆ ಬಿದ್ದರೆ ತನ್ನ ಕೈಯಿಂದ. ಕೈಯಿಂದ ಕೊಡುವ ಅಮಲ್ದಾರನು ಎಲ್ಲಿಯಾದರೂ ಇದ್ದಾನೆಯೆ? ಮಳೆ ಬರಲಿ, ಬಾರದಿರಲಿ, ಬರೆದುಕೊಟ್ಟ ಮೊತ್ತವನ್ನು ಅವನು ರೈತನ ಮೈಯಿಂದ ಹಿಂಡಿ ತೆಗೆಯುತ್ತಿದ್ದನು.

ಈ ಪೀಡೆ ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿದ್ದು ನಗರ ಸೀಮೆಗೆ. ಇಂದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರಾಗಿ ಉಳಿದಿರುವ ನಗರವು ಹಿಂದೆ ಕೆಳದಿಯ ಅರಸರ ರಾಜಧಾನಿ ಬಿದನೂರು. 1763ರಲ್ಲಿ ಹೈದರಾಲಿಯು ಅದನ್ನು ಗೆದ್ದು ತನ್ನ ಹೆಸರನ್ನಿಟ್ಟನು. ಅಡಕೆ ಮೆಣಸುಗಳ ಆ ಮಲೆಸೀಮೆಯ ಜನ ತಮ್ಮ ಅರಸು ಮನೆತನವನ್ನು ಮರೆತಿರಲಿಲ್ಲ. ಮೈಸೂರಿನಿಂದ ಬರುವ ಫೌಜುದಾರರನ್ನು ಹೊರಗಿನವರೆಂದೇ ಎಣಿಸುತ್ತಿದ್ದರು. ಬಹುಕಾಲ ಅಲ್ಲಿನ ಅಧಿಕಾರವು ಒಂದೇ ಬಂಧುವರ್ಗದ ಕೈಯಲ್ಲಿದ್ದು, ರೈತರಿಗೆ ಕಂದಾಯದಲ್ಲಿ ವಿನಾಯಿತಿಗಳನ್ನು ತೋರಿಸುವ ವಾಡಿಕೆ ನಡೆದುಬಂದಿತ್ತು. 1828ರ ಸುಮಾರಿಗೆ ಫೌಜುದಾರನಾಗಿ ಬಂದ ವೀರರಾಜೇ ಅರಸನು ಹಳೆಯ ಲೆಕ್ಕಗಳನ್ನು ಕೆದಕಿ, ಆ ವಿನಾಯಿತಿಗಳೆಲ್ಲ ಮೋಸವೆಂದು ತೀರ್ಮಾನಿಸಿ, ಬಿಟ್ಟುಕೊಟ್ಟಿದ್ದ ಬಾಕಿಯನ್ನು ಮತ್ತೆ ಕಟ್ಟಬೇಕೆಂದು ರೈತರಿಗೆ ಆಜ್ಞೆಮಾಡಿದನು. ಲೆಕ್ಕದಲ್ಲಿ ಮೋಸ ನಡೆದಿದ್ದರೆ ಅದನ್ನು ಮಾಡಿದವರು ಅಧಿಕಾರಿಗಳು. ದಂಡ ತೆರಬೇಕಾದವನು ಮಾತ್ರ ಗದ್ದೆಯ ಕೆಸರಿನಲ್ಲಿ ನಿಂತವನು. ದಂಗೆಗೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

1830ರ ಆಗಸ್ಟಿನಲ್ಲಿ ಬಸವಾಪಟ್ಟಣದ ರೈತರು ಸುತ್ತಲಿನ ಸೀಮೆಗಳಿಗೆ ಓಲೆ ಕಳುಹಿಸಿ, ಎಲ್ಲರೂ ಒಂದೆಡೆ ನೆರೆಯಬೇಕೆಂದು ಕರೆಕೊಟ್ಟರು. ಹೀಗೆ ಊರೂರಿನಲ್ಲಿ ಕೂಟಗಳು ಕೂಡಿದುವು. ಮೊದಮೊದಲು ಈ ಕೂಟಗಳ ಕೈಯಲ್ಲಿ ಆಯುಧವಿರಲಿಲ್ಲ. ಊರಿನ ಪಟೇಲರೂ ಗೌಡರೂ ಮುಂದೆ ನಿಂತು, ನಮ್ಮ ಅಹವಾಲನ್ನು ಕೇಳುವ ವರೆಗೂ ಕಂದಾಯ ಕೊಡುವುದಿಲ್ಲವೆಂದು ಹೇಳಿ ಕುಳಿತುಕೊಂಡರು. ಅವರ ಬೇಡಿಕೆ ಅಷ್ಟೆ. ಒಂದು ಶತಮಾನದ ಬಳಿಕ ಅಂಕೋಲೆ ಸಿದ್ದಾಪುರಗಳ ರೈತರು ಕರನಿರಾಕರಣೆಗೆ ನಿಂತಾಗ ಇಡೀ ನಾಡು ಅದನ್ನು ಸತ್ಯಾಗ್ರಹವೆಂದು ಕರೆದು ಕೈಮುಗಿಯಿತು. ಬಸವಾಪಟ್ಟಣದವರಿಗೆ ಆ ಗೌರವ ಸಲ್ಲಲಿಲ್ಲ. ಘಟ್ಟದ ಕೆಳಗೆ ಕಂಪನಿಯ ನೇರ ಆಳ್ವಿಕೆಯಲ್ಲಿದ್ದ ಕೆನರಾ ಜಿಲ್ಲೆಯಲ್ಲಿಯೂ ಅದೇ ಕಾಲಕ್ಕೆ ಕೂಟಗಳು ಸೇರಿದುವೆಂಬುದನ್ನು ಇಲ್ಲಿ ಮರೆಯಲಾಗದು. ಇದು ಒಬ್ಬ ಅರಸನ ದುರಾಡಳಿತದ ಮೇಲಣ ಸಿಟ್ಟು ಮಾತ್ರವಾಗಿದ್ದರೆ ಘಟ್ಟದ ಕೆಳಗಿನ ರೈತನಿಗೆ ಏಳುವ ಕಾರಣವಿರಲಿಲ್ಲ.

ಅತೃಪ್ತಿಯ ನೆಲದಲ್ಲಿ ಬೇರೆ ಬೇರೆ ಬಯಕೆಗಳೂ ಬೇರುಬಿಟ್ಟುವು. ಕುಂಸಿಯ ಕಡೆಯ ರೈತನ ಮಗನೊಬ್ಬನು, ಕೆಳದಿಯ ಅರಸರ ಗುರುವಾಗಿದ್ದ ಜಂಗಮನೊಬ್ಬನ ಸೇವೆಯಲ್ಲಿದ್ದು ಆ ಮನೆತನದ ಮುದ್ರೆಗಳನ್ನು ಕೈವಶಮಾಡಿಕೊಂಡು, ತಾನೇ ಬಿದನೂರಿನ ವಾರಸುದಾರ ಬೂದಿ ಬಸವಪ್ಪ ನಾಯಕನೆಂದು ಸಾರಿದನು. ಕಂದಾಯವನ್ನು ಕಡಮೆ ಮಾಡುವೆನೆಂಬ ಅವನ ಮಾತನ್ನು ಜನ ನಂಬಿದರು. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನು ಮೈಸೂರನ್ನು ಬಿಟ್ಟು ಬಂದು, ಕಲ್ದುರ್ಗ ಕಾಮನದುರ್ಗಗಳನ್ನು ಹಿಡಿದನು. ರೈತರ ಕೂಟ, ನಾಯಕನ ಹಕ್ಕು, ಪಾಳೆಯಗಾರನ ಹಗೆ ಒಂದರೊಳಗೊಂದು ಹೆಣೆದುಕೊಂಡುವು. ಬೂದಿ ಬಸವಪ್ಪನು ಕಪಟಿಯೆಂದು ಇಂಗ್ಲಿಷರ ದಾಖಲೆಗಳು ಒತ್ತಿ ಹೇಳುತ್ತವೆ, ಇರಬಹುದು. ಆದರೆ ಸಾವಿರಾರು ಜನ ಒಬ್ಬ ಕಪಟಿಯ ಬೆನ್ನು ಹತ್ತಬೇಕಾದರೆ, ನಿಜವಾದ ಅಧಿಕಾರಿಗಳ ಬಾಗಿಲಲ್ಲಿ ಅವರು ಎಷ್ಟು ಬಾರಿ ಕಾದು ಬರಿಗೈಯಲ್ಲಿ ಹಿಂದಿರುಗಿರಬೇಕೆಂಬ ಪ್ರಶ್ನೆಯನ್ನು ಆ ದಾಖಲೆಗಳು ಕೇಳಿಕೊಳ್ಳುವುದಿಲ್ಲ.

ಅರಸರು ಸ್ವತಃ ಚೆನ್ನರಾಯಪಟ್ಟಣದ ವರೆಗೆ ದಂಡೆತ್ತಿ ಹೋಗಿ ಅಲ್ಲಿನ ಕೂಟಗಳನ್ನು ಕಠಿಣ ಶಿಕ್ಷೆಗಳಿಂದ ಚದುರಿಸಿದರು. ನಗರದ ಕಡೆಗೆ ದಿವಾನರು ಸಂಧಾನಕ್ಕೆ ಹೋದರು. ಮಾತು ಮುಗಿಯುವ ಮುನ್ನವೇ ಕುದುರೆಪಡೆ ಮುಂದುವರಿಯಿತು. ಹೊಳೆಹೊನ್ನೂರು, ಆನಂದಪುರ, ಶಿಕಾರಿಪುರ, ಹೊನ್ನಾಳಿಗಳ ಸೀಮೆಯೆಲ್ಲ ರಣರಂಗವಾಯಿತು. ಹೊನ್ನಾಳಿಯಲ್ಲಿ, ಮೈಸೂರಿನ ಪಡೆಯನ್ನು ನಡೆಸುತ್ತಿದ್ದ ರಾಕ್‌ಫರ್ಟ್ ಎಂಬ ಇಂಗ್ಲಿಷ್ ಅಧಿಕಾರಿಯು ಊರಿಗೆ ನುಗ್ಗಿ, ಸೆರೆಸಿಕ್ಕವರಲ್ಲಿ ಹಲವರನ್ನು ನೇಣಿಗೇರಿಸಿದನು. ಅದೇ ಚಳಿಗಾಲದ 1831ರ ಜನವರಿ 26ರಂದು ಉತ್ತರದಲ್ಲಿ ನಂದಗಡದ ಬಯಲಿನಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದರು. ಕಿತ್ತೂರಿಗೂ ನಗರಕ್ಕೂ ನಡುವೆ ಹಲವು ದಿನಗಳ ದಾರಿಯಿದ್ದರೂ ಕನ್ನಡ ನಾಡಿನ ಎರಡು ಮೂಲೆಗಳಲ್ಲಿ ಒಂದೇ ಕಾಲಕ್ಕೆ ಉರಿ ಎದ್ದಿತ್ತು. ಮೈಸೂರಿನ ಪಡೆಗೆ ನಗರ ಬಗ್ಗಲಿಲ್ಲ. ಕಡೆಗೆ ರೆಸಿಡೆಂಟ್ ಕಾಸಮೇಜರನು ಕಂಪನಿಯ ಸೈನ್ಯವನ್ನು ಕರೆಯಿಸಿಕೊಂಡನು. 1831ರ ಜೂನ್ ತಿಂಗಳಿನಲ್ಲಿ, ಮಲೆನಾಡಿನ ಮಳೆ ಹಿಡಿಯುವ ವೇಳೆಗೆ, ನಗರದ ಕೋಟೆ ಆ ಸೈನ್ಯದ ವಶವಾಯಿತು. ಅಲ್ಲಲ್ಲಿ ಚಿಕ್ಕಪುಟ್ಟ ಹೋರಾಟ ಇನ್ನೂ ಕೆಲವು ವರ್ಷ ನಡೆದು, ತರೀಕೆರೆಯ ಪಾಳೆಯಗಾರ ಮನೆತನದ ಸರ್ಜಾ ಹನುಮಪ್ಪ ನಾಯಕನು 1834ರಲ್ಲಿ ಗಲ್ಲಿಗೇರುವುದರೊಂದಿಗೆ ಕೊನೆಗೊಂಡಿತು.

ದಂಗೆ ಅಡಗಿದ ಮೇಲೆ ಅದರ ಪರಿಣಾಮ ಆರಂಭವಾಯಿತು. ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು, ನಿಮ್ಮ ಆಡಳಿತದಲ್ಲಿ ಪ್ರಜೆಗಳು ದಂಗೆಯೆದ್ದಿದ್ದಾರೆ, ಪೊಗದಿಗೆ ಅಪಾಯ ಒದಗಿದೆ, ಆದುದರಿಂದ ರಾಜ್ಯದ ಆಡಳಿತವನ್ನು ಕಂಪನಿಯ ಕೈಗೆ ಒಪ್ಪಿಸತಕ್ಕದ್ದು ಎಂಬ ಅಭಿಪ್ರಾಯದ ಪತ್ರವನ್ನು 1831ರ ಸೆಪ್ಟೆಂಬರ್ 7ರಂದು ಬರೆದನು. ಅಕ್ಟೋಬರ್ 19ರಂದು ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಮಾತಿನ ಪ್ರತಿಭಟನೆಗೂ ಎಡೆಗೊಡದೆ ಅಧಿಕಾರವನ್ನು ಬಿಟ್ಟುಕೊಟ್ಟರು. ಅವರಿಗೆ ವರ್ಷಕ್ಕೆ 1 ಲಕ್ಷ ವರಹಗಳೂ ನಿವ್ವಳ ಆದಾಯದ ಐದರಲ್ಲೊಂದು ಪಾಲೂ ಉಳಿದುವು. ಮಲಗಿದ್ದ ನಾಲ್ಕನೆಯ ಕಲಮು ಎದ್ದು ನಿಂತಿತ್ತು. ಆ ಕಲಮು ಕೊಟ್ಟ ಅಧಿಕಾರ ಪೊಗದಿಗೆ ಸಾಕಾಗುವಷ್ಟು ಪ್ರದೇಶಕ್ಕೆ ಮಾತ್ರ ಸಲ್ಲುವುದೋ ಇಡೀ ರಾಜ್ಯಕ್ಕೋ ಎಂಬ ಚರ್ಚೆ ಆಮೇಲೆ ನಡೆಯಿತು; ಬೆಂಟಿಂಕನು ತೆಗೆದುಕೊಂಡದ್ದು ಇಡೀ ರಾಜ್ಯವನ್ನು.

ಹಾಕರ್, ಮಾರಿಸನ್, ಮೆಕ್ಲಾಯ್ಡ್, ಕಬ್ಬನ್ ಎಂಬ ನಾಲ್ವರ ಸಮಿತಿಯು ದಂಗೆಯ ಕಾರಣಗಳನ್ನು ವಿಚಾರಿಸಿ 1833ರ ಕೊನೆಗೆ ವರದಿಯನ್ನೊಪ್ಪಿಸಿತು. ಅದನ್ನು ಓದಿ, ತಾನೇ ದಕ್ಷಿಣಕ್ಕೆ ಬಂದು ನೋಡಿದ ಮೇಲೆ ಬೆಂಟಿಂಕನ ಮನಸ್ಸಿನಲ್ಲಿ ಸಂದೇಹ ಹುಟ್ಟಿತು. ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಹಿಂದಿರುಗಿಸಬೇಕೆಂದು ಅವನು 1834ರಲ್ಲಿ ಸೂಚಿಸಿದನು. ಲಂಡನ್ನಿನ ಅಧಿಕಾರಿಗಳು ಒಪ್ಪಲಿಲ್ಲ. ಕೊಟ್ಟುಬಿಡುವುದು ತೆಗೆದುಕೊಳ್ಳುವಷ್ಟು ಸುಲಭವಲ್ಲವೆಂಬುದನ್ನು ಐರ್ಲೆಂಡೂ ಆಗಲೇ ಕಂಡುಕೊಂಡಿತ್ತು. ಎರಡು ದೇಶಗಳ ಕಥೆಯೂ ಇಲ್ಲಿ ಒಂದೇ ಹಾದಿಯಲ್ಲಿ ಸಾಗುತ್ತದೆ: ಜನ ಅನ್ಯಾಯವನ್ನು ತಾಳಲಾರದೆ ಏಳುತ್ತಾರೆ, ಆ ಅನ್ಯಾಯದಲ್ಲಿ ತನಗೂ ಪಾಲಿರುವ ದೊಡ್ಡ ಶಕ್ತಿಯೊಂದು ಅವರನ್ನು ಅಡಗಿಸುತ್ತದೆ, ಬಳಿಕ ಅವರ ಏಳುವಿಕೆಯನ್ನೇ ಸಾಕ್ಷ್ಯವಾಗಿ ನಿಲ್ಲಿಸಿ, ಅವರ ನಾಡಿನ ಆಡಳಿತವನ್ನು ಕೈಗೆ ತೆಗೆದುಕೊಳ್ಳುತ್ತದೆ. ನಗರದ ರೈತನು ಅಮಲ್ದಾರನನ್ನು ತೆಗೆದುಹಾಕಿರೆಂದು ಕೇಳಿದ್ದನು. ಕಂಪನಿಯು ಅರಸನನ್ನು ತೆಗೆದುಹಾಕಿತು.

ಅರಸರ ಬದಲು ರಾಜ್ಯವನ್ನಾಳಲು ಕಂಪನಿಯು ನೇಮಿಸಿದ ಕಮಿಷನರರ ಆಡಳಿತ ಮೈಸೂರು ನಗರದಲ್ಲಿ ನೆಲೆಸಲಿಲ್ಲ. 1809ರಿಂದ ದಂಡು ಬೀಡುಬಿಟ್ಟಿದ್ದ, ಹವೆ ಒಗ್ಗುವ, ಮದರಾಸಿನ ದಾರಿಗೆ ಹತ್ತಿರವಾದ ಬೆಂಗಳೂರನ್ನು ಅವರು ಆರಿಸಿಕೊಂಡರು. ಕೋಟೆಯೊಳಗೆ ಟೀಪು ಸುಲ್ತಾನನ ಬೇಸಗೆಯ ಅರಮನೆಯೇ ಅವರ ಸಚಿವಾಲಯವಾಯಿತು. ಕೆತ್ತನೆಯ ಮರದ ಕಂಬಗಳ ನಡುವೆ ಗುಮಾಸ್ತರು ಚಾಪೆ ಹಾಸಿಕೊಂಡು ಕಂದಾಯದ ಕಾಗದಗಳನ್ನು ಬರೆದರು. 1834ರಿಂದ 1861ರ ವರೆಗೆ ಮಾರ್ಕ್ ಕಬ್ಬನನು ಒಬ್ಬನೇ ಕಮಿಷನರನಾಗಿ ಅಲ್ಲಿಂದಲೇ ರಾಜ್ಯವನ್ನಾಳಿದನು. 1868ರಲ್ಲಿ ಕಚೇರಿಗಳೆಲ್ಲ ಕೆಂಪು ಬಣ್ಣದ ಹೊಸ ಸೌಧಕ್ಕೆ ಹೋದುವು. ಹದಿನೆಂಟು ಇಲಾಖೆಗಳ ಅಠಾರಾ ಕಚೇರಿಯೆಂದು ಹೆಸರಾದ ಅದರಲ್ಲಿ ಈಗ ಉಚ್ಚ ನ್ಯಾಯಾಲಯವಿದೆ. ಅದರೆದುರಿನ ಕಬ್ಬನ್ ಉದ್ಯಾನವನ್ನು ರೂಪಿಸಿದ, ಮಲ್ಲೇಶ್ವರದವರು ದಿನವೂ ಹೆಸರು ಹೇಳುವ ಸ್ಯಾಂಕಿ ಕೆರೆಗೆ ತನ್ನ ಹೆಸರನ್ನು ಬಿಟ್ಟುಹೋದ ಇಂಜಿನಿಯರ್ ರಿಚರ್ಡ್ ಸ್ಯಾಂಕಿಯು ಐರ್ಲೆಂಡಿನ ಟಿಪ್ಪರರಿಯಲ್ಲಿ ಹುಟ್ಟಿದವನು. ನಿವೃತ್ತನಾದ ಮೇಲೆ ಅವನು ಡಬ್ಲಿನ್ನಿಗೆ ಹೋಗಿ ಅಲ್ಲಿನ ಲೋಕೋಪಯೋಗಿ ಮಂಡಲಿಯ ಅಧ್ಯಕ್ಷನಾದನು. ಸಾಮ್ರಾಜ್ಯವು ಒಂದು ಅಧೀನ ದೇಶದ ಮಕ್ಕಳನ್ನು ಇನ್ನೊಂದನ್ನು ಕಟ್ಟಲೂ ಆಳಲೂ ಕಳುಹಿಸುತ್ತಿದ್ದ ರೀತಿ ಅದು.

ಕಚೇರಿಯ ಹಿಂದೆಯೇ ಜನ ಬಂದರು. ಲೆಕ್ಕ ಬಲ್ಲವರು, ಮರಾಠಿ ಮೋಡಿ ಬಲ್ಲವರು, ಆಮೇಲೆ ಇಂಗ್ಲಿಷ್ ಬಲ್ಲವರು, ವಕೀಲರು, ಉಪಾಧ್ಯಾಯರು ಇಲ್ಲಿ ನೆಲೆಯೂರಿದರು. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದಿತು. 1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿ ಮಲ್ಲೇಶ್ವರಗಳೂ ಕೋಟೆ ಪೇಟೆಗಳ ಇಕ್ಕಟ್ಟಿನ ಹೊರಗೆ ಏರ್ಪಟ್ಟಾಗ, ಆ ನೇರವಾದ ಬೀದಿಗಳಲ್ಲಿ ಮನೆ ಕಟ್ಟಿದವರಲ್ಲಿ ಬಹುಮಂದಿ ಸರ್ಕಾರದ ಸಂಬಳವನ್ನು ಪಡೆಯುವವರು. ಮೈಸೂರಿನಲ್ಲಿ ಅರಮನೆ, ಬೆಂಗಳೂರಿನಲ್ಲಿ ಕಚೇರಿ ಎಂಬ ಏರ್ಪಾಡು ಅರಸರು ಮರಳಿ ಬಂದ ಮೇಲೂ ಬದಲಾಗಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಈ ಊರಿನಲ್ಲಿ ಹುಟ್ಟಿ ಮುಂದೆ ಚಾಮರಾಜಪೇಟೆಯಲ್ಲಿ ಮನೆ ಕಟ್ಟಿಕೊಂಡದ್ದಕ್ಕೂ, 1956ರಲ್ಲಿ ಏಕೀಕೃತ ರಾಜ್ಯಕ್ಕೆ ಈ ಊರೇ ರಾಜಧಾನಿಯಾದದ್ದಕ್ಕೂ ಹಲವು ಕಾರಣಗಳುಂಟು. ಅವುಗಳ ಬುಡದಲ್ಲಿ 1831ರ ಅಕ್ಟೋಬರ್ ಇದೆ, ಅದರ ಬುಡದಲ್ಲಿ ಬಸವಾಪಟ್ಟಣದ ಓಲೆಯಿದೆ.

ದಂಗೆಯಿಂದ ರೈತನಿಗೆ ಏನೂ ದೊರೆಯಲಿಲ್ಲವೆನ್ನುವುದು ಸರಿಯಲ್ಲ. ಕಬ್ಬನನ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳು ರದ್ದಾದುವು. ಅವುಗಳ ಪಟ್ಟಿಯನ್ನು ನೋಡಿದರೆ ಮಲೆನಾಡಿನವರು ಏಕೆ ಎದ್ದರೆಂಬುದು ತಾನಾಗಿ ಅರ್ಥವಾಗುತ್ತದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಕೂದಲು ತೆಗೆಯಿಸಿದರೆ ತೆರಿಗೆ. ಯಾವನೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಒಂದು ಹಳ್ಳಿಯವರು ಇನ್ನೂ ತೆರಿಗೆ ಕೊಡುತ್ತಿದ್ದರು. ನಗರದಲ್ಲಿ ಒಂದು ಜಾಗವಿತ್ತು. ಅಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದು ಹೋದವನು ತೆರಿಗೆ ತೆರಬೇಕಾಗಿತ್ತು. ಇವು ತೊಲಗಿದುವು, ಘಟ್ಟದ ರಸ್ತೆಗಳಾದುವು, ಶರತ್ತಿನ ಪದ್ಧತಿ ಹೋಯಿತು. ಇದನ್ನು ಕಬ್ಬನನ ಪುಣ್ಯವೆಂದು ನಾವು ಉದ್ಯಾನಕ್ಕೂ ರಸ್ತೆಗೂ ಅವನ ಹೆಸರನ್ನಿಟ್ಟುಕೊಂಡಿದ್ದೇವೆ. ನಗರದ ಕೂಟಗಳು ಎದ್ದಿರದಿದ್ದರೆ ಯಾವ ಕಮಿಷನರನೂ ಬರುತ್ತಿರಲಿಲ್ಲ, ಆ ತೆರಿಗೆಗಳ ಪಟ್ಟಿಯನ್ನು ಯಾರೂ ತೆರೆಯುತ್ತಲೂ ಇರಲಿಲ್ಲ. ಹೊನ್ನಾಳಿಯಲ್ಲಿ ನೇಣಿಗೇರಿದವರ ಹೆಸರಿನ ಒಂದು ಬೀದಿಯನ್ನೂ ನಾನು ಈ ಊರಿನಲ್ಲಿ ಕಂಡಿಲ್ಲ. ಪರರ ದಕ್ಷತೆಗೂ ಮಿತಿಯುಂಟು. ಕಮಿಷನರರ ಆಳ್ವಿಕೆಯಲ್ಲಿಯೇ 1876ರಿಂದ 1878ರ ವರೆಗಿನ ಮಹಾಕ್ಷಾಮ ಬಂದಿತು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ರಾಜ್ಯದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು.

ಈ ದಂಗೆಯನ್ನು ನಾವು ಮರೆತದ್ದೇಕೆ? ಕಿತ್ತೂರಿಗೆ ಚೆನ್ನಮ್ಮನಿದ್ದಾಳೆ, ಸಂಗೊಳ್ಳಿಗೆ ರಾಯಣ್ಣನಿದ್ದಾನೆ. ನಗರಕ್ಕೆ ಹಾಗೆ ಎತ್ತಿ ತೋರಿಸಬಹುದಾದ ಒಬ್ಬ ವೀರನಿಲ್ಲ, ಇರುವವನು ವಾರಸಿಕೆಯೇ ಸಂದೇಹಕ್ಕೊಳಗಾದ ಬೂದಿ ಬಸವಪ್ಪ. ಅರಸು ಮನೆತನದ ಮೇಲಣ ಭಕ್ತಿ ಬಲವಾಗಿದ್ದ ಹಳೆಯ ಮೈಸೂರಿನಲ್ಲಿ ಅರಸರ ವಿರುದ್ಧ ಎದ್ದವರನ್ನು ಹೊಗಳುವುದು ಸುಲಭವಾಗಿರಲಿಲ್ಲ. ಇಂಗ್ಲಿಷರಿಗೆ ಅದು ಒಂದು ನೆಪವಾಗಿ ಬೇಕಾಗಿತ್ತು, ನೆನಪಾಗಿ ಬೇಕಾಗಿರಲಿಲ್ಲ. ಸ್ವಾತಂತ್ರ್ಯಸಮರದ ಚರಿತ್ರಕಾರರು ನೋಡುವಾಗ, ಮೊದಲು ದೇಶೀಯ ಅರಸನ ಮೇಲೆ ತಿರುಗಿದ ಈ ದಂಗೆ ಅವರ ಚೌಕಟ್ಟಿನಲ್ಲಿ ಸರಿಯಾಗಿ ಕೂರಲಿಲ್ಲ. ಹೀಗೆ ಮೂರು ಕಡೆಯಿಂದಲೂ ಅದು ಅನಾಥವಾಯಿತು.

ಐರ್ಲೆಂಡಿನ ಜನ ತಮ್ಮ ಸೋಲನ್ನು ಮರೆಯಲಿಲ್ಲ. ಬಸವನಗುಡಿಯ ಬೀದಿಗಳನ್ನು ಅಳೆಯುತ್ತಿದ್ದ 1898ರಲ್ಲಿಯೇ ಅವರು ತಮ್ಮ ದಂಗೆಯ ಶತಮಾನೋತ್ಸವವನ್ನು ಆಚರಿಸಿದರು. ಕವಿ ಯೇಟ್ಸನು ಅದಕ್ಕಾಗಿ ಸಂಘಗಳನ್ನು ಕಟ್ಟಿ ಓಡಾಡಿದನು. ಆ ನೆನಪನ್ನುಂಡು ಬೆಳೆದ ತಲೆಮಾರು 1916ರ ಏಪ್ರಿಲ್ 24ರಂದು, ಈಸ್ಟರ್ ಸೋಮವಾರ, ಡಬ್ಲಿನ್ನಿನ ಅಂಚೆಕಚೇರಿಯನ್ನು ಹಿಡಿದು ಗಣರಾಜ್ಯವನ್ನು ಘೋಷಿಸಿತು. ಐದು ದಿನ ಕಳೆಯುವಷ್ಟರಲ್ಲಿ ಅವರು ಶರಣಾಗಬೇಕಾಯಿತು. ಸುಮಾರು 485 ಜನ ಸತ್ತರು. ಸೆರೆಯಾಳುಗಳನ್ನು ನಡೆಸಿಕೊಂಡು ಹೋಗುವಾಗ ಊರಿನವರೇ ಕೆಲವರು ಬೈದರು. ಆದರೆ ಮೇ ತಿಂಗಳಿನಲ್ಲಿ ಪ್ಯಾಟ್ರಿಕ್ ಪಿಯರ್ಸ್, ಜೇಮ್ಸ್ ಕಾನೊಲಿ ಮೊದಲಾದ ಹದಿನೈದು ಮಂದಿಯನ್ನು ಗುಂಡಿಟ್ಟು ಕೊಂದ ಮೇಲೆ ಜನರ ಮನಸ್ಸು ತಿರುಗಿತು. 1918ರ ಚುನಾವಣೆಯಲ್ಲಿ ಸ್ವಾತಂತ್ರ್ಯವಾದಿ ಸಿನ್ ಫೇನ್ ಪಕ್ಷ ಐರ್ಲೆಂಡಿನ 105 ಸ್ಥಾನಗಳಲ್ಲಿ 73ನ್ನು ಗೆದ್ದಿತು; 1921ರ ಕೊನೆಗೆ ಒಪ್ಪಂದವಾಗಿ, ಉತ್ತರದ ಆರು ಜಿಲ್ಲೆಗಳನ್ನು ಬಿಟ್ಟು ಉಳಿದ ದೇಶ ತನ್ನ ಆಡಳಿತವನ್ನು ಮರಳಿ ಪಡೆಯಿತು.

ಆ ಈಸ್ಟರ್ ದಂಗೆಯ ಒಂದು ಅಲೆ ನಮ್ಮ ಸಾಹಿತ್ಯದ ದಡವನ್ನೂ ಮುಟ್ಟಿತು. ಬೆಲ್‌ಫಾಸ್ಟಿನ ಕವಿ ಜೇಮ್ಸ್ ಕಸಿನ್ಸ್ ಅವರು ಆನಿ ಬೆಸೆಂಟರ ಕರೆಯಂತೆ 1915ರಲ್ಲಿ ಮದರಾಸಿಗೆ ಬಂದು ನ್ಯೂ ಇಂಡಿಯಾ ಪತ್ರಿಕೆಯಲ್ಲಿದ್ದವರು. ಮರುವರ್ಷ ಡಬ್ಲಿನ್ನಿನ ದಂಗೆಯನ್ನು ಮೆಚ್ಚಿ ಬರೆದ ಲೇಖನದ ದೆಸೆಯಿಂದ ಅವರು ಆ ಕೆಲಸವನ್ನು ಕಳೆದುಕೊಂಡು ಮದನಪಲ್ಲಿಯ ಕಾಲೇಜಿನ ಅಧ್ಯಾಪಕರಾದರು. 1924ರಲ್ಲಿ ಅವರು ಮೈಸೂರಿಗೆ ಬಂದಿದ್ದಾಗ ವಿದ್ಯಾರ್ಥಿಯೊಬ್ಬರು ತಾವು ಬರೆದ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದರು. ಕಸಿನ್ಸರು ಅವನ್ನು ನೋಡಿ, ನಿಮ್ಮ ಮಾತೃಭಾಷೆಯಲ್ಲಿ ಬರೆಯಿರೆಂದು ಬುದ್ಧಿಹೇಳಿದರು. ಆ ವಿದ್ಯಾರ್ಥಿ ತೀರ್ಥಹಳ್ಳಿ ಸೀಮೆಯ ಕುಪ್ಪಳಿಯವರು, ಮುಂದೆ ಕುವೆಂಪು ಎಂದು ನಾಡಿಗೆಲ್ಲ ಪರಿಚಿತರಾದವರು. ಅವರು ಬಂದದ್ದು ಕೂಟಗಳು ಎದ್ದ ಆ ನಗರದ ಮಲೆನಾಡಿನಿಂದಲೇ. ಮಲೆನಾಡಿನ ಗೌಡರೂ ಗದ್ದೆಯ ಆಳುಗಳೂ ಕನ್ನಡ ಕಾದಂಬರಿಯಲ್ಲಿ ಅಷ್ಟು ಜೀವಂತವಾಗಿ ಬಂದುದಕ್ಕೆ ಆ ಬುದ್ಧಿಮಾತಿಗೂ ಒಂದು ಋಣ ಸಲ್ಲಬೇಕು.

ಮೈಸೂರು ತನ್ನ ಆಡಳಿತವನ್ನು ಮರಳಿ ಪಡೆದದ್ದು ಬಂದೂಕಿನಿಂದಲ್ಲ, ಕಾಗದದಿಂದ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮುಮ್ಮಡಿ ಕೃಷ್ಣರಾಜ ಒಡೆಯರು ಪತ್ರಗಳನ್ನು ಬರೆದರು, ತಿರಸ್ಕಾರಗಳನ್ನು ನುಂಗಿಕೊಂಡರು, ಮತ್ತೆ ಬರೆದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಲಂಡನ್ನಿನ ಸಚಿವ ಸರ್ ಸ್ಟಾಫರ್ಡ್ ನಾರ್ತ್‌ಕೋಟನು ಆ ದತ್ತಕವನ್ನು ಮನ್ನಿಸಿದನು. ಮರುವರ್ಷ ಮಾರ್ಚ್ 27ರಂದು ವೃದ್ಧ ಅರಸರು ತೀರಿಕೊಂಡರು. 1881ರ ಮಾರ್ಚ್ 25ರಂದು ರಾಜ್ಯ ಹಿಂದಿರುಗಿತು. ತೆಗೆದುಕೊಂಡು ಐವತ್ತು ವರ್ಷಗಳಾಗಿದ್ದುವು.

ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲಬಾರಿಗೆ ಕೂಡಿಸಿದರು. ಬಂದವರು 144 ಮಂದಿ. ತಾಲ್ಲೂಕಿಗೆ ಒಬ್ಬರು ಇಬ್ಬರಂತೆ ರೈತರು, ಜಿಲ್ಲೆಗೆ ಮೂರು ನಾಲ್ಕು ಮಂದಿಯಂತೆ ವರ್ತಕರು. ರಂಗಾಚಾರ್ಲು ಅವರ ಮನಸ್ಸಿನಲ್ಲಿ ನಗರದ ಕೂಟಗಳ ನೆನಪಿತ್ತೆಂದು ನಾನು ಹೇಳಲಾರೆ. ಅವರ ಆಲೋಚನೆಗೆ ಬೇರೆ ಆಧಾರಗಳಿದ್ದುವು. ಆದರೆ 1830ರಲ್ಲಿ ಯಾವ ಮಾತನ್ನು ಆಡಹೋಗಿ ಮಲೆನಾಡಿನ ಪಟೇಲನು ಕುದುರೆಪಡೆಯ ಕಾಲಿಗೆ ಸಿಕ್ಕಿದನೋ, ಅದೇ ಮಾತನ್ನು, ಕಂದಾಯ ಹೆಚ್ಚಾಯಿತು, ಅಧಿಕಾರಿ ಕೇಳುತ್ತಿಲ್ಲ, ಕೆರೆ ಒಡೆದಿದೆ ಎಂಬ ಮಾತನ್ನು, ಅವನ ಮೊಮ್ಮಗನ ಕಾಲದವನು ದಿವಾನರ ಎದುರಿಗೆ ಕುಳಿತು ಆಡಬಹುದಾಯಿತು. ಕೇಳಿ ಉತ್ತರ ಕೊಡುವುದಷ್ಟೇ ದಿವಾನರ ಕರ್ತವ್ಯ. ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ, ಕಂದಾಯವನ್ನು ಇಳಿಸುವ ಅಧಿಕಾರವೂ ಇರಲಿಲ್ಲ.